ಹೂಂ ಅಂದವಳು

ಅಪ್ಪ ಮಾತು ನಿಲ್ಲಿಸಿ, "ಇದ್ದೀಯೇನೇ?" ಅಂದರು. ಇದ್ದಳು. ಮಂಚದ ಪಕ್ಕದಲ್ಲೇ, ಚಹಾದ ಲೋಟ ಹಿಡಿದುಕೊಂಡು, ಅವರ ಹೊದಿಕೆಯ ಅಂಚು ತನ್ನ ಮಂಡಿಗೆ ತಾಗುವಷ್ಟು ಹತ್ತಿರ ಕೂತಿದ್ದಳು. ಆದರೆ ಕಣ್ಣು ಪೂರ್ತಿ ಮಂಜಾಗಿರುವ ಮನುಷ್ಯನಿಗೆ ಮಗಳು ಎದುರಿಗಿದ್ದಾಳೆ ಅನ್ನುವುದಕ್ಕೆ ಗುರುತು ಅಂತ ಇದ್ದದ್ದು ಒಂದೇ, ಮಾತಿನ ನಡುನಡುವೆ ಅವಳು ಹಾಕುತ್ತಿದ್ದ ಹೂಂ. ಆ ಹೂಂ ಹೋದ ವರ್ಷ, ಪ್ರವಾಸಿಗಳು ಬರುವ ಕಾಲದಲ್ಲಿ ಅವಳ ಬಾಯಿಂದ ಹೋದದ್ದು, ಇನ್ನೂ ವಾಪಸ್ಸು ಬಂದಿಲ್ಲ. "ಇದ್ದೀನಪ್ಪಾ, ಹೇಳಿ" ಅಂದಳು. "ಎಲ್ಲಿಗೆ ಬಂದಿದ್ದೆ ನಾನು?" ಅಂತ ಅಪ್ಪ ಕೇಳಿದರು. ಅವಳಿಗೂ ಗೊತ್ತಿರಲಿಲ್ಲ. ಸೈಕಲ್ಲು ಕಳೆದುಹೋದ ವಿಷಯವೋ, ತೀರಿಹೋದ ಚಿಕ್ಕಪ್ಪನ ವಿಷಯವೋ, ಎರಡೂ ಕಲಸಿದ್ದೋ. ಅಪ್ಪ ಸ್ವಲ್ಪ ಹೊತ್ತು ಕಾದು ಗೋಡೆಯ ಕಡೆ ಹೊರಳಿದರು. "ಹೋಗಮ್ಮ, ನಿಂಗೆ ಹೊತ್ತಾಗುತ್ತೆ" ಅಂದರು. ಆ ದನಿಯಲ್ಲಿ ಒಂದಿಷ್ಟು ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅಡುಗೆಮನೆಯಲ್ಲಿ ಬ್ರೆಡ್ಡು ಬಿಸಿ ಮಾಡುತ್ತಿದ್ದ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಒಂದು ಹೂಂ ಅನ್ನೋಕೆ ನಿನ್ನ ಗಂಟೇನು ಹೋಗುತ್ತೆ ಮಾರಾಯ್ತಿ?" ಅಂದ. "ಗಂಟಲು ಸರಿ ಇಲ್ಲ ರೀ." "ವರ್ಷದಿಂದಾನಾ? ಫೋನ್ ಮಾಡಿದ್ರೂ ಇದೇ ಕತೆ. ಈ ಕಡೆ ನಾನೊಬ್ಬ ಹಲೋ ಹಲೋ ಅಂತ ಬಡ್ಕೋಬೇಕು. ಲೈನ್ ಕಟ್ಟಾಯ್ತು ಅಂತ ನಾನು ಇಟ್ಬಿಡೋದು, ಆಮೇಲೆ ನೀನು ಮುಖ ಊದಿಸ್ಕೊಂಡು ಕೂರೋದು." ತಮಾಷೆಗೇ ಅಂದದ್ದು. ಕೆಟ್ಟ ಮನುಷ್ಯನಲ್ಲ, ಬ್ರೆಡ್ಡಿನ ಸೀದ ಅಂಚನ್ನು ತನ್ನ ತಟ್ಟೆಗೆ ಹಾಕಿಕೊಂಡು ಚೆನ್ನಾಗಿರುವುದನ್ನು ಅವಳ ಡಬ್ಬಿಗೆ ತುಂಬುವವನು. ಅವನಿಗೂ ಅವಳು ಹೇಳಿರಲಿಲ್ಲ, ಇವತ್ತು ಕಚೇರಿಗೆ ಯಾರು ಬರುತ್ತಾರೆ ಅಂತ. ನಿನ್ನೆ ಸಂಜೆ ಅವಳು ಡ್ರಾಯರಿಗೆ ಬೀಗ ಹಾಕುವಾಗ ಸಾಹೇಬರು ಕೋಟು ಏರಿಸಿಕೊಳ್ಳುತ್ತಾ ಬಂದು, ಯಾವುದೋ ಬಲ್ಬು ಬದಲಾಯಿಸುವ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದ್ದರು: "ಹೋದ ವರ್ಷದ ಆ ಹುಡುಗನ ತಾಯಿ ನಾಳೆ ಬರ್ತಾರಂತೆ. ನದಿ ಹತ್ತಿರ ಹೋಗಿ ನೋಡಬೇಕಂತೆ, ಪರವಾನಗಿ ಕೊಟ್ಟಾಗಿದೆ. ನಿಮ್ಮ ಕಿಟಕಿಗೆ ಬಂದ್ರೆ ಸೀದಾ ನನ್ನ ಹತ್ತಿರ ಕಳಿಸಿಬಿಡಿ. ನೀವೇನೂ ಮಾತಾಡೋಕೆ ಹೋಗ್ಬೇಡಿ. ಮುಗಿದಿರೋ ವಿಚಾರಣೆ, ಮತ್ತೆ ಕೆದಕಿದ್ರೆ ಮೊದಲು ಹೋಗೋದು ನಿಮ್ಮ ಕೆಲಸ." ಅವಳು ತಲೆಯಾಡಿಸಿದ್ದಳು.

ಹೂಂ ಅನ್ನುವುದು ಒಂದು ಮಾತೇ ಅಲ್ಲ ಅನ್ನುವವರು ಕತೆ ಕೇಳಿ ಬೆಳೆದವರಲ್ಲ. ಅವಳ ಅಪ್ಪ ಕತೆ ಹೇಳುತ್ತಿದ್ದಾಗ ಒಂದು ಹೂಂ ತಪ್ಪಿದರೂ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ರಾಜಕುಮಾರ ಕುದುರೆ ಹತ್ತಿದವನು ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಹಾಗೇ ನೇತಾಡಿಕೊಂಡಿರಬೇಕು. ಹಾಗಾಗಿ ಅವಳು ಚಿಕ್ಕಂದಿನಲ್ಲೇ ಒಂದು ವಿದ್ಯೆ ಕಲಿತುಬಿಟ್ಟಿದ್ದಳು, ನಿದ್ದೆಯಲ್ಲೂ ಹೂಂಗುಡುವ ವಿದ್ಯೆ. ಅಪ್ಪ ಉಸಿರು ತೆಗೆದುಕೊಳ್ಳುವ ಜಾಗ ಅವಳ ಮೈಗೇ ಗೊತ್ತಿತ್ತು. ಅಲ್ಲಿ ಒಂದು ಹೂಂ ಇಟ್ಟರೆ ಆಯಿತು, ಕತೆ ತನ್ನ ಪಾಡಿಗೆ ಹೋಗುತ್ತದೆ, ತಾನು ತನ್ನ ಪಾಡಿಗೆ ಮಲಗಬಹುದು. ಒಂದು ದಿನ ಅಪ್ಪನಿಗೆ ಅನುಮಾನ ಬಂತು. ಅದೇ ರಾಗದಲ್ಲಿ, "ಆಮೇಲೆ ಆ ರಾಕ್ಷಸ ನಮ್ಮನೆಗೆ ಬಂದ" ಅಂದರು. ಹೂಂ. "ನಿನ್ನ ತಮ್ಮನ್ನ ಎತ್ಕೊಂಡು ಹೋದ." ಹೂಂ. "ನೀನೇ ಬಾಗಿಲು ತೆಗ್ದೆ." ಹೂಂ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ, ತಮ್ಮ ಮಾತ್ರ ಹೋ ಅಂತ ಅತ್ತನಂತೆ. ಮದುವೆ ಮನೆಗಳಲ್ಲಿ ಈಗಲೂ ಯಾರಾದರೂ ಈ ಕತೆ ತೆಗೆಯುತ್ತಾರೆ. ಹೋದ ತಿಂಗಳು ತಮ್ಮ ಫೋನಿನಲ್ಲಿ ಅದನ್ನೇ ಎತ್ತಿ ನಕ್ಕಾಗ ಅವಳು ಫೋನು ಇಟ್ಟುಬಿಟ್ಟಿದ್ದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಕೂರಲಿಲ್ಲ. ಗಾಜಿನ ಧೂಳಿನ ಮೇಲೆ ಯಾವುದೋ ಮಗು ಬೆರಳಿನಿಂದ ಗೆರೆ ಎಳೆದಿತ್ತು, ಅಂಕುಡೊಂಕಾಗಿ ಕೆಳಗಿಳಿಯುವ ಗೆರೆ. ಅಂಥ ಗೆರೆಗಳು ಅವಳಿಗೆ ಆಗುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ಸೊಸೆಯ ಮೇಲೆ ದೂರು ಹೇಳುತ್ತಿದ್ದಳು, ಯಾರಿಗೆ ಅಂತಿಲ್ಲ, ಕಿವಿ ಇದ್ದವರಿಗೆ. ಅವಳ ಕಡೆ ತಿರುಗಿ ತಿರುಗಿ ಹೇಳಿದಳು, ಎಲ್ಲೂ ಒಂದು ಹೂಂ ಸಿಗದೆ, "ನಿಂಗೂ ಸೊಸೆ ಬರ್ತಾಳೆ ಬಿಡು, ಆಗ ಗೊತ್ತಾಗುತ್ತೆ" ಅಂತ ಶಾಪ ಹಾಕಿ ಬೇರೆಯವರ ಕಡೆ ತಿರುಗಿಕೊಂಡಳು. ಹಿಂದೆ ಹೀಗಿರಲಿಲ್ಲ. ಊರಿನ ಅರ್ಧ ಜನ ತಮ್ಮ ಹೊಟ್ಟೆಯಲ್ಲಿದ್ದದ್ದನ್ನು ಅವಳ ಮುಂದೆ ಕಕ್ಕಿಕೊಂಡು ಹಗುರಾಗಿ ಹೋಗುತ್ತಿದ್ದರು. ಕಚೇರಿಯಲ್ಲಿ ಅವಳಿಗೆ ಹೂಂ ಅಕ್ಕ ಅಂತಲೇ ಹೆಸರು. ಹೆಸರಿಟ್ಟವನು ಹೊರಗಡೆ ಮರದ ಕೆಳಗೆ ಯಂತ್ರ ಇಟ್ಟುಕೊಂಡು ಕೂರುವ ಜೆರಾಕ್ಸಿನವನು. "ಹೂಂ ಅಕ್ಕನ ಹತ್ರ ಮಾತಾಡಿದ್ರೆ ದೇವರು ಕೇಳಿಸ್ಕೊಂಡಂಗೆ" ಅನ್ನುತ್ತಿದ್ದ. ಅವಳಿಗೆ ಅದು ಹೆಮ್ಮೆಯೂ ಆಗಿತ್ತು. ಹೂಂ ಅನ್ನುವವಳಿಗೆ ಕೇಳಿಸುತ್ತಿದೆಯೇ ಅಂತ ಅವನೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

ಗಡಿಗೆ ಹತ್ತಿರದ ಗುಡ್ಡಗಾಡಿಗೆ ಅವಳ ಪರವಾನಗಿ ಕಚೇರಿಯಲ್ಲಿ ಒಳಸೀಮೆ ಅನ್ನುತ್ತಾರೆ. ಅಲ್ಲಿಗೆ ಹೋಗುವ ಪರದೇಶದವರು ಮೊದಲ ಕಿಟಕಿಯಲ್ಲಿ ಅರ್ಜಿ ಕೊಟ್ಟು, ಮುಂದಿನದರಲ್ಲಿ ಶುಲ್ಕ ಕಟ್ಟಿ, ಕೊನೆಗೆ ಅವಳ ಕಿಟಕಿಗೆ ಬರಬೇಕು. ಅವಳದು ಸಲಹೆ ಕಿಟಕಿ. ನಡುವೆ ದಪ್ಪ ಗಾಜು, ಬಾಯಿಯ ಮಟ್ಟಕ್ಕೆ ಚಕ್ರದ ಹಾಗೆ ಕೊರೆದ ಸಣ್ಣ ತೂತುಗಳು, ಕೆಳಗೆ ಕಾಗದ ದಾಟಿಸುವ ಸಂದು. ಆಚೆಯ ಕಟ್ಟೆಯ ಮೇಲೆ ಗಾಜಿನ ಹಲಗೆ, ಅದರಡಿಯಲ್ಲಿ ಒಳಸೀಮೆಯ ನಕ್ಷೆ. ಅವರ ಭಾಷೆಯಲ್ಲೇ ಅವಳು ಹೇಳಬೇಕಾದದ್ದು ಬಾಯಿಪಾಠ. ಪರವಾನಗಿಯ ನಕಲು ಬೇಕಾದಷ್ಟು ಮಾಡಿಸಿಟ್ಟುಕೊಳ್ಳಿ, ಪ್ರತಿ ಠಾಣೆಯಲ್ಲೂ ಒಂದೊಂದು ಕೇಳುತ್ತಾರೆ. ಸೇತುವೆಯ ಫೋಟೋ ತೆಗೆಯಬೇಡಿ, ಸಿಪಾಯಿಯದಂತೂ ಬೇಡವೇ ಬೇಡ. ಮೊದಲ ದಿನ ಸುಮ್ಮನೆ ಮಲಗಿ, ಎತ್ತರಕ್ಕೆ ಮೈ ಒಗ್ಗಲಿ. ಒಬ್ಬರೇ ಹೋಗಬೇಡಿ. ಮೇಲಿನ ದಾರಿ ಬಿಟ್ಟು ಕೆಳಗಿನದಕ್ಕೆ ಇಳಿಯಬೇಡಿ, ನದಿ ದಾಟುವ ಜಾಗ ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಮಧ್ಯಾಹ್ನ ಹಿಮ ಕರಗಿ ಎದೆಮಟ್ಟ ಬರುತ್ತದೆ. ಇವತ್ತು ಬೆಳಿಗ್ಗೆ ಮೊದಲು ಬಂದ ಗಂಡಹೆಂಡತಿ, ಅಲ್ಲಿ ಕೂದಲು ಒಣಗಿಸುವ ಯಂತ್ರಕ್ಕೆ ಕರೆಂಟು ಸಿಗುತ್ತದೆಯೇ ಅಂತ ಕೇಳಿದರು. "ಇಲ್ಲ" ಅಂದಳು. ಇನ್ನೊಬ್ಬ ತಾನು ಹೋಗುವ ದಾರಿಯನ್ನು ಬೆರಳಿಟ್ಟು ವಿವರಿಸತೊಡಗಿದ. ಒಂದೊಂದು ವಾಕ್ಯಕ್ಕೂ ಅವನನ್ನು ತಡೆದು, "ಹೌದು, ಸರಿ. ಮುಂದೆ?" "ಇಲ್ಲ, ಅದು ಬೇಡ. ಮುಂದೆ?" ಅಂದಳು. ಅವನಿಗೆ ಪೊಲೀಸರ ಮುಂದೆ ನಿಂತ ಹಾಗಾಗಿರಬೇಕು, ಹಣೆ ಒರೆಸಿಕೊಂಡ. ಸಾಹೇಬರಿಗೆ ಮಾತ್ರ ಈ ಹೊಸ ರೀತಿ ಬಲು ಇಷ್ಟ. "ಈಗ ನೋಡಿ, ಎಷ್ಟು ಖಡಕ್ಕಾಗಿದೀರಿ" ಅಂತ ಎಲ್ಲರ ಎದುರಿಗೆ ಹೊಗಳಿದ್ದರು.

ಹೋದ ವರ್ಷ ಬಂದಿದ್ದ ಆ ಹುಡುಗನಿಗೂ ಸಲಹೆಯನ್ನೆಲ್ಲ ಹೇಳಿದ್ದಳು, ಅದರಲ್ಲಿ ಸುಳ್ಳಿಲ್ಲ. ಗಿಳಿಪಾಠ ಒಪ್ಪಿಸಿದ ಹಾಗೆ ಹೇಳಿದ್ದಳು, ಅವನು ಚೀಲದ ಬಕಲ್ಲು ಸರಿಮಾಡಿಕೊಳ್ಳುತ್ತಾ ಅರ್ಧಂಬರ್ಧ ಕೇಳಿ ಸಹಿ ಹಾಕಿದ್ದ. ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಆದರೆ ಅವನು ಹೋಗಲಿಲ್ಲ, ಗಾಜಿಗೆ ಮುಖ ಹತ್ತಿರ ತಂದು, "ನಾನು ಹೋಗೋ ದಾರಿ ಹೇಳ್ತೀನಿ, ತಪ್ಪಿದ್ರೆ ಹೇಳಿ" ಅಂದ. ಮೂಗಿನ ಮೇಲೆ ಬಿಸಿಲಿಗೆ ಹಚ್ಚುವ ಬಿಳಿ ಕ್ರೀಮು, ಕೈಗೂ ಮೆತ್ತಿಕೊಂಡಿತ್ತು. ಉಗುರು ಕಚ್ಚಿ ಕಚ್ಚಿ ಮೊಂಡಾದ ಬೆರಳನ್ನು ನಕ್ಷೆಯ ಮೇಲಿಟ್ಟು ನಡೆಸಿದ. ಮೊದಲ ಠಾಣೆ. ಹೂಂ. ಅಲ್ಲಿ ಒಂದು ರಾತ್ರಿ. ಹೂಂ. ಜೊತೆಗಿರುವ ಗೆಳೆಯನಿಗೆ ತಲೆಸುತ್ತು ಬಂದರೆ ಅವನನ್ನು ಅಲ್ಲೇ ಬಿಟ್ಟು ತಾನು ಮುಂದೆ. ಹೂಂ. ಆಮೇಲೆ ಬೆರಳು ಕೆಳಗಿಳಿಯಿತು. ಆಮೇಲೆ ಅವನು ಏನೋ ಅಂದ. ಅವಳೂ ಏನೋ ಅಂದಳು. ಮಾತು ಅವನ ಭಾಷೆಯದು, ಆದರೆ ಹೂಂ ಮಾತ್ರ ಇವಳ ಮನೆಯದು, ಅಪ್ಪನ ಹಾಸಿಗೆಯ ಪಕ್ಕದ್ದು. ಅವನು ಖುಷಿಯಿಂದ ಎರಡೂ ಕೈ ಎತ್ತಿ ಥ್ಯಾಂಕ್ಸ್ ಹೇಳಿ ಹೋದ. ನಾಲ್ಕು ದಿನ ಬಿಟ್ಟು ಅವನ ಚೀಲ ಸಿಕ್ಕಿತು, ನದಿಯ ಕೆಳಪಾತ್ರದಲ್ಲಿ, ಬಕಲ್ಲು ಹಾಕಿದ್ದು ಹಾಕಿದ ಹಾಗೇ. ಅವನು ಸಿಗಲಿಲ್ಲ. ವಿಚಾರಣೆಯಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಸಲಹೆ ಹೇಳಿದ್ರಾ? ಹೇಳಿದೆ. ಕೆಳಗಿನ ದಾರಿಯಲ್ಲಿ ಹೋಗು ಅಂತ ನೀವೇನಾದ್ರೂ ಅಂದ್ರಾ? ಇಲ್ಲ, ಅನ್ನಲಿಲ್ಲ. ಎರಡೂ ನಿಜ. ಬೇಕಂತಲೇ ನಿಯಮ ಮುರಿದ ಅಂತ ಸಾಹೇಬರು ಅವನ ಮನೆಗೆ ಬರೆದು ಕಳಿಸಿದರು.

ಅವಳು ಎಷ್ಟೋ ಸಲ ಆ ಮಧ್ಯಾಹ್ನವನ್ನು ಹಿಂದಕ್ಕೆ ತಿರುಗಿಸಿ ನೋಡಿದ್ದಾಳೆ. ಕೇಳಿಸಿಕೊಳ್ಳುತ್ತಿದ್ದೆ, ಅವನು ಮುಗಿಸಲಿ ಅಂತ ಕಾಯುತ್ತಿದ್ದೆ, ಅಷ್ಟರಲ್ಲಿ ಹೊರಟುಹೋದ, ಅಂತ ತನಗೆ ತಾನೇ ಹೇಳಿಕೊಂಡಿದ್ದಾಳೆ. ಹೇಳಿಕೊಳ್ಳುವಾಗ ಬೆನ್ನ ಹಿಂದೆ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸುತ್ತದೆ. ಯಾಕೆಂದರೆ ನಿಜ ಇರುವುದು ಕುರ್ಚಿಯಲ್ಲಿ. ಅವತ್ತು ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಅವಳ ಕುರ್ಚಿ ಇರಲಿಲ್ಲ. ಕೈಯಿರುವ ಕುರ್ಚಿ, ಸೊಂಟ ನೋವಿಗೆ ಅಂತ ತಾನೇ ಹತ್ತಿ ತುಂಬಿ ದಿಂಬು ಹೊಲಿದು ಕಟ್ಟಿದ್ದು. ಸಾಹೇಬರನ್ನು ನೋಡಲು ಯಾರೋ ದೊಡ್ಡವರು ಬಂದಿದ್ದರು, ಒಳಗೆ ಒಂದು ಕುರ್ಚಿ ಕಡಿಮೆ ಬಿದ್ದಿತ್ತು, ಎತ್ತಿಕೊಂಡು ಹೋಗಿದ್ದರು. ಅವಳಿಗೆ ಒಂದು ಸ್ಟೂಲು. ಹೋಗಲಿ ಅಂದುಕೊಂಡರೆ, ಬಾಗಿಲ ಸಂದಿಯಿಂದ ಕಂಡಿತು, ದಿಂಬನ್ನು ಬಿಚ್ಚಿ ನೆಲಕ್ಕೆ ಹಾಕಿ, ಬಂದವರು ಅದರ ಮೇಲೆ ಶೂ ಇಟ್ಟುಕೊಂಡು ಕೂತಿದ್ದಾರೆ. ಇಷ್ಟು ವರ್ಷ ದುಡಿದದ್ದಕ್ಕೆ ಇದಾ ಮರ್ಯಾದೆ? ಹೋಗಿ ಕೇಳಲಾ? ಏನಂತ ಕೇಳಲಿ? ಸರ್, ನನ್ನ ದಿಂಬು, ಅಂತಾನಾ? ಎಲ್ಲರೂ ನಕ್ಕುಬಿಡುತ್ತಾರೆ. ಕೇಳದಿದ್ದರೆ ನಾಳೆ ತಲೆಯ ಮೇಲೇ ಕಾಲಿಡುತ್ತಾರೆ. ಸ್ಟೂಲಿನ ಮೇಲೆ ಸೊಂಟ ಸೆಳೆಯುತ್ತಾ ಇತ್ತು, ಒಳಗೆ ಈ ಜಗಳ ನಡೆಯುತ್ತಾ ಇತ್ತು, ಬಾಯಿ ತನ್ನ ಪಾಡಿಗೆ ಉಸಿರಿನ ಜಾಗ ನೋಡಿ ಹೂಂ ಇಡುತ್ತಾ ಇತ್ತು. ಕುರ್ಚಿ ಸಂಜೆಗೇ ವಾಪಸ್ಸು ಬಂತು. ದಿಂಬನ್ನು ಅವಳು ಒಗೆದಳು, ಮತ್ತೆ ಒಗೆದಳು, ಕೊನೆಗೆ ಮನೆಯ ಅಟ್ಟದ ಮೇಲೆ ಎಸೆದಳು. ನಕ್ಷೆಯ ಗಾಜನ್ನೂ ದಿನಾ ಒರೆಸುತ್ತಾಳೆ. ಆದರೂ ಮಧ್ಯಾಹ್ನದ ಓರೆ ಬಿಸಿಲು ಬಿದ್ದಾಗ ಕೆಳಗಿನ ದಾರಿಯುದ್ದಕ್ಕೂ ಕ್ರೀಮಿನ ಬಿಳಿ ಗೆರೆ ಎದ್ದು ಕಾಣುತ್ತದೆ. ಮೊದಲ ಕಿಟಕಿಯವಳನ್ನು ಕರೆದು ತೋರಿಸಿದರೆ, "ಎಲ್ಲಕ್ಕಾ? ಏನೂ ಇಲ್ವಲ್ಲ" ಅಂದಳು.

ಆ ಬಿಸಿಲು ಬೀಳುವ ಹೊತ್ತಿಗೇ ತಾಯಿ ಬಂದಳು. ಆ ಹೊತ್ತಿನಲ್ಲಿ ಅವಳ ಕಿಟಕಿಯ ಗಾಜು ಕನ್ನಡಿಯ ಹಾಗಾಗಿಬಿಡುತ್ತದೆ; ಆಚೆಗಿನವರ ಮುಖದ ಜಾಗದಲ್ಲಿ ಅವಳದೇ ಮುಖ ಕಾಣುತ್ತದೆ, ಕೆಳಗಿನ ಸಂದಿಯಲ್ಲಿ ಅವರ ಕೈ ಮಾತ್ರ. ಒಂದು ವಯಸ್ಸಾದ ಕೈ ನಕ್ಷೆಯ ಮೇಲೆ ಬಂತು. ಉಗುರುಗಳೆಲ್ಲ ಕಚ್ಚಿ ಮೊಂಡಾಗಿದ್ದವು. ಯಾರು ಅಂತ ಹೇಳುವುದೇ ಬೇಕಾಗಿರಲಿಲ್ಲ. "ಸಲಹೆ ಹೇಳೋರು ನೀವೇನಾ?" ಅಂತ ತೂತುಗಳಿಂದ ದನಿ ಬಂತು. ಪರದೇಶದ ಮಾತು, ನಿಧಾನವಾಗಿ, ಎದುರಿನವರಿಗೆ ಅರ್ಥವಾಗಲಿ ಅಂತ ಬಿಡಿಸಿ ಬಿಡಿಸಿ. "ಹೌದು. ನೀವು ಒಳಗೆ ಹೋಗಬೇಕು, ಸಾಹೇಬರು ಕಾಯ್ತಿದ್ದಾರೆ" ಅಂದಳು ಅವಳು, ನಿನ್ನೆ ಹೇಳಿಕೊಟ್ಟಿದ್ದ ಹಾಗೇ.

"ಹೋಗ್ತೀನಿ. ಅವರು ಬರೆದಿದ್ದೆಲ್ಲ ಓದಿದೀನಿ, ಅವರ ಹತ್ತಿರ ಕೇಳೋದೇನೂ ಇಲ್ಲ" ಅಂದಳು ಆಕೆ. "ಬೇಕಂತಲೇ ಹೋದ ಅಂತ ಬರೆದಿದ್ದಾರೆ. ನನ್ನ ಮಗ ಸೋಮಾರಿ, ಬಾಯಿಬಡುಕ. ಆದ್ರೆ ಕೇಳದೆ ಒಂದು ಹಣ್ಣೂ ತೆಗೆದುಕೊಳ್ಳೋನಲ್ಲ. ಅವತ್ತು ಸಂಜೆ ಫೋನ್ ಮಾಡಿದ್ದ. ಅಮ್ಮಾ, ಕಿಟಕಿಯಲ್ಲಿ ಒಬ್ಬ ಹೆಂಗಸು ಇದ್ದಾರೆ, ಪೂರ್ತಿ ದಾರಿ ಅವರಿಗೆ ಹೇಳಿದೆ, ಪ್ರತಿಯೊಂದಕ್ಕೂ ಒಪ್ಪಿದರು, ಇಲ್ಲಿಯ ಜನ ಹೌದು ಅನ್ನೋದು ಎಷ್ಟು ಚೆನ್ನಾಗಿದೆ ಗೊತ್ತಾ, ಅಂದ. ನಂಗೆ ಮಾಡಿ ತೋರಿಸಿದ." ತೂತುಗಳ ಆಚೆಯಿಂದ ಆಕೆ "ಹೂಂ" ಅಂದಳು. ಮೊದಲು ತಗ್ಗಿ ಆಮೇಲೆ ಒಂದಿಷ್ಟು ಏರುವ ಹೂಂ. ಅದು ಅವಳದೇ ಹೂಂ, ಅಪ್ಪ ಕಾಯುತ್ತಿರುವ ಹೂಂ. ವರ್ಷದಿಂದ ಎಲ್ಲಿಗೆ ಹೋಗಿತ್ತು ಅಂತ ಈಗ ಗೊತ್ತಾಯಿತು: ಆ ಹುಡುಗನ ಬಾಯಿಂದ ಫೋನು ದಾಟಿ, ಈ ತಾಯಿಯ ಹತ್ತಿರ ಇತ್ತು.

"ಅದಕ್ಕೆ ಅರ್ಥ ಏನು?" ಅಂತ ಆಕೆ ಕೇಳಿದಳು. "ಅದೊಂದು ಕೇಳೋಣ ಅಂತಲೇ ಬಂದೆ. ಹೌದು ಅಂತಲೇ ಆದ್ರೆ, ನನ್ನ ಮಗ ನಿಮ್ಮ ಮಾತು ಕೇಳಿ ಹೋದ ಹುಡುಗ. ಅಲ್ಲ ಅಂತಾದ್ರೆ ಅವನು ಹುಚ್ಚ. ಎರಡರಲ್ಲಿ ಯಾವುದು ಅಂತ ಗೊತ್ತಾದ್ರೆ ಸಾಕು, ನದಿ ಹತ್ತಿರ ಅದನ್ನೇ ಹೇಳಿಬರ್ತೀನಿ."

ಹೌದು ಅಂದರೆ ಕೆಲಸ ಹೋಗುತ್ತದೆ, ಹೋಗಲಿ, ಆದರೆ ಅದು ನಿಜವೂ ಅಲ್ಲ. "ಅದು ಹೌದು ಅಂತ ಅಲ್ಲ" ಅಂದಳು. ಮೆಲ್ಲಗೆ, ಆ ಭಾಷೆಯಲ್ಲಿ ಮಾತು ಹುಡುಕಿಕೊಂಡು. "ಅಲ್ಲ ಅಂತಾನೂ ಅಲ್ಲ. ನಿಮ್ಮ ಮಗ ಹುಚ್ಚನಲ್ಲ. ನಮ್ಮಲ್ಲಿ ಯಾರಾದ್ರೂ ಏನಾದ್ರೂ ಹೇಳ್ತಿರುವಾಗ ಹಾಗಂತೀವಿ. ನಾನಿಲ್ಲಿದ್ದೀನಿ, ಕೇಳ್ತಾ ಇದ್ದೀನಿ, ಮುಂದೆ ಹೇಳು, ಅಂತ." ಆಕೆಯ ಬೆರಳು ನಕ್ಷೆಯ ಮೇಲೆ ಮೊದಲ ಠಾಣೆಯಿಂದ ಹೊರಟಿತು. "ಹಾಗಾದ್ರೆ ಒಪ್ಪಲಿಲ್ಲ. ಕೇಳಿಸಿಕೊಂಡ್ರಿ." ಬೆರಳು ಕೆಳಗಿನ ದಾರಿಗೆ ಇಳಿಯಿತು, ಅವಳಿಗೆ ಮಾತ್ರ ಕಾಣುವ ಬಿಳಿ ಗೆರೆಯ ಮೇಲೆ ಅದರಷ್ಟಕ್ಕೇ ನಡೆಯಿತು. "ಅವನು ಮಾತಾಡ್ತಾನೇ ಇರೋನು, ಮನೇಲಿ ನಾವ್ಯಾರೂ ಕಿವಿಗೆ ಹಾಕ್ಕೊಳ್ತಿರಲಿಲ್ಲ. ಪಾತ್ರೆ ತೊಳೀತಾ ಆಯ್ತಪ್ಪಾ ಆಯ್ತಪ್ಪಾ ಅಂತಿದ್ದೆ. ಕೊನೇಲಿ ಯಾರೋ ಒಬ್ಬರು ಪೂರ್ತಿ ಕೇಳಿಸಿಕೊಂಡ್ರು ಅಂದ್ರೆ..." ಬೆರಳು ನೀಲಿ ಗೆರೆಯ ಮೇಲೆ ಬಂದು ನಿಂತಿತು. "ಇಲ್ಲಿ, ನದಿ ಅಂದನಲ್ಲ. ಆಗಲೂ ಕೇಳಿಸಿಕೊಳ್ತಿದ್ರಾ?"

ಒಂದು ಹೂಂ ಅಂದರೆ ಸಾಕಿತ್ತು. ಆ ತಾಯಿಗೆ ಬೇಕಾಗಿದ್ದದ್ದೂ ಅದೇ ಏನೋ. ಮಗ ಕೊನೆಯ ಸಲ ಒಬ್ಬರ ಮುಂದೆ ಪೂರ್ತಿ ಮಾತಾಡಿ ಹೋದ, ಅಷ್ಟು ಕಟ್ಟಿಕೊಂಡು ಆಕೆ ಊರಿಗೆ ಹೋಗುತ್ತಿದ್ದಳು. ಆದರೆ ಕೇಳಿಸಿಕೊಂಡೂ ಬೇಡ ಅನ್ನಲಿಲ್ಲವೇ ಅಂತ ದಾರಿಯಲ್ಲಿ ಎಲ್ಲೋ ಆಕೆಗೆ ಹೊಳೆಯುತ್ತದೆ, ಬಸ್ಸಿನಲ್ಲೋ, ನದಿಯ ದಂಡೆಯಲ್ಲೋ. ಗಾಜಿನಲ್ಲಿ ತನ್ನ ಮುಖ ಕಾಣುತ್ತಿತ್ತು, ಬಾಯಿ ಅರ್ಧ ತೆರೆದು. ಒಳಗಿನಿಂದ ಸಾಹೇಬರು, "ಮೇಡಂ, ಬಂದ್ರಾ ಅವರು? ಒಳಗೆ ಕಳಿಸಿ" ಅಂದರು. ಅವಳು ತೂತುಗಳಿಗೆ ಬಾಯಿ ಹತ್ತಿರ ತಂದಳು.

"ಇಲ್ಲ" ಅಂದಳು ಗಾಜಿಗೆ. "ಕೇಳಿಸಿಕೊಳ್ತಿರಲಿಲ್ಲ. ಬಾಯಿ ಹೂಂ ಅಂತಿತ್ತು, ನಾನು ಕೇಳಿಸಿಕೊಳ್ತಿರಲಿಲ್ಲ."

ಹೊರಗೆ ಜೆರಾಕ್ಸಿನವನ ಯಂತ್ರ ಗರ್ ಅಂತ ಒಂದು ನಕಲು ಉಗುಳಿ ನಿಂತಿತು. ಆಮೇಲೆ, ತೂತುಗಳಿಗೆ ತೀರಾ ಹತ್ತಿರದಿಂದ, ಈಗಷ್ಟೇ ಅರ್ಥ ಕಲಿತ ಮಾತನ್ನು ಅಳೆದು ಇಡುವ ಹಾಗೆ, ಆಕೆ ಅಂದಳು: "ಹೂಂ."

ಅವಳಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಎಷ್ಟು ಜನರಿಗೆ ಹೂಂಗುಟ್ಟಿದ್ದಳೋ, ತನಗೆ ಯಾರಾದರೂ ಹೂಂಗುಟ್ಟಿದ್ದು ನೆನಪೇ ಇರಲಿಲ್ಲ. "ಅವತ್ತು ಬೆಳಿಗ್ಗೆ ನಾನು ಬರೋ ಹೊತ್ತಿಗೆ ನನ್ನ ಕುರ್ಚಿ ಇರಲಿಲ್ಲ" ಅಂದಳು.

"ಹೂಂ."

"ಒಳಗೆ ಯಾರೋ ದೊಡ್ಡೋರು ಬಂದಿದ್ರು. ಅವರಿಗೆ ಅಂತ ತಗೊಂಡು ಹೋಗಿದ್ರು. ನಂಗೆ ಸ್ಟೂಲು ಕೊಟ್ಟಿದ್ರು."

"ಹೂಂ."

"ನನ್ನ ಕುರ್ಚಿ ಮೇಲೆ ಒಂದು ದಿಂಬಿತ್ತು, ನಾನೇ ಹೊಲಿದಿದ್ದು. ಅದನ್ನ ಕೆಳಗೆ ಹಾಕಿ ಅದರ ಮೇಲೆ ಕಾಲಿಟ್ಕೊಂಡಿದ್ರು. ನಂಗೆ ಹೊಟ್ಟೆ ಉರೀತಿತ್ತು. ನಿಮ್ಮ ಮಗ ನದಿ ಅಂದಾಗ ನಾನು ಆ ದಿಂಬಿನ ವಿಷಯ ಯೋಚನೆ ಮಾಡ್ತಿದ್ದೆ."

ಹೂಂ ಬರಲಿಲ್ಲ. ಉಸಿರು ತೆಗೆದುಕೊಳ್ಳುವ ಜಾಗ ಬಂತು, ದಾಟಿ ಹೋಯಿತು. ಕೆಳಗಿನ ಸಂದಿಯಲ್ಲಿ ನೋಡಿದಳು. ನಕ್ಷೆಯ ಮೇಲೆ ಕೈ ಇರಲಿಲ್ಲ, ಬಿಸಿಲು ಮಾತ್ರ ಇತ್ತು. ಗಾಜಿನಲ್ಲಿ ತನ್ನ ಮುಖವೇ, ಅದರ ಹಿಂದೆ ಯಾರಾದರೂ ನಿಂತಿದ್ದಾರೋ ಹೊರಟುಹೋದರೋ ತಿಳಿಯುವ ಹಾಗಿರಲಿಲ್ಲ. ಎದ್ದು ಬಾಗಿಲು ದಾಟಿ ಹೋಗಿ ನೋಡಬಹುದಿತ್ತು, ಏಳಲಿಲ್ಲ. ಆ ಸಣ್ಣ ತೂತುಗಳಿಗೆ ಹಣೆ ಹಚ್ಚಿ, ಪರದೇಶದ ಭಾಷೆ ಮರೆತೇಹೋಗಿ, ತನ್ನ ಮನೆಯ ಮಾತಿನಲ್ಲೇ ಕೇಳಿದಳು:

"ಇದ್ದೀರಾ?"